ಮೊದಲ ಕ್ರೂಸ್, ಅದೂ ಒಬ್ಬರೇ: ಯಾವ ಹಡಗು ನಿಮಗೆ ಸರಿ?

ಒಬ್ಬರೇ ಕ್ರೂಸ್‌ಗೆ ಹೋಗಬೇಕು ಎಂದು ತೀರ್ಮಾನಿಸುವುದು ಸುಲಭ. ಕಷ್ಟ ಶುರುವಾಗುವುದು ಆಮೇಲೆ. ಐದಾರು ಸಾವಿರ ಜನ ಹಿಡಿಯುವ ಹಡಗೋ, ನೂರೈವತ್ತು ಜನರ ನದಿ ಹಡಗೋ? ಒಬ್ಬರಿಗಾಗಿಯೇ ಕಟ್ಟಿದ ಪುಟ್ಟ ಕ್ಯಾಬಿನ್ನೋ, ಜಾಸ್ತಿ ಹಣ ಕೊಟ್ಟು ಇಬ್ಬರ ಕ್ಯಾಬಿನ್ ಪೂರ್ತಿ ತೆಗೆದುಕೊಳ್ಳುವುದೋ? ಈ ಗೊಂದಲದಲ್ಲಿ ಇರುವವರು ಬಹಳ ಸಲ ಹೋಲಿಸುವುದು ಫೋಟೊಗಳನ್ನು. ಯಾವ ಹಡಗಿನ ಈಜುಕೊಳ ಚೆನ್ನಾಗಿದೆ, ಯಾವುದರ ಜಾರುಬಂಡೆ ಎತ್ತರ, ಹೀಗೆ. ಒಬ್ಬರೇ ಹೋಗುವವರು ಇದನ್ನು ಕೊನೆಯಲ್ಲಿ ನೋಡಿದರೆ ಸಾಕು.

ಮೊದಲು ನೋಡಬೇಕಾದದ್ದು ಬೇರೆ. ಹಡಗು ಚಿಕ್ಕದಾದಷ್ಟೂ ಜನ ತಾವಾಗಿಯೇ ನಿಮ್ಮ ಹತ್ತಿರ ಬರುತ್ತಾರೆ. ದೊಡ್ಡದಾದಷ್ಟೂ ನೀವೇ ಜನರನ್ನು ಹುಡುಕಿಕೊಂಡು ಹೋಗಬೇಕು. ಬೆಲೆ ಮಾತ್ರ ಹೆಚ್ಚಾಗಿ ಇದಕ್ಕೆ ತಿರುಗುಮುರುಗು: ಚಿಕ್ಕ ಹಡಗು ದುಬಾರಿ, ದೊಡ್ಡದು ಅಗ್ಗ. ಈ ಎರಡರ ನಡುವೆ ನೀವು ಎಲ್ಲಿ ನಿಲ್ಲುತ್ತೀರಿ ಎಂದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಹೋಲಿಸುವ ಮುಂಚೆ ಕೇಳಿಕೊಳ್ಳಬೇಕಾದದ್ದು

ಹಣದಿಂದಲೇ ಶುರು ಮಾಡೋಣ. ಕ್ರೂಸ್ ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ತಲಾ ದರ. ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರುತ್ತಾರೆ ಎಂಬ ಲೆಕ್ಕದ ಮೇಲೆ ಹಾಕಿದ್ದು. ಒಬ್ಬರೇ ಹೋದರೆ ಖಾಲಿ ಉಳಿಯುವ ಹಾಸಿಗೆಗೂ ಹಣ ಕೇಳುತ್ತಾರೆ. ಇದಕ್ಕೆ ಸಿಂಗಲ್ ಸಪ್ಲಿಮೆಂಟ್ ಎನ್ನುತ್ತಾರೆ. ತಲಾ ದರ 100 ಎಂದಿಟ್ಟುಕೊಳ್ಳಿ. ಸಪ್ಲಿಮೆಂಟ್ ಶೇ. 50 ಆದರೆ ನೀವು ಕೊಡುವುದು 150, ಶೇ. 100 ಆದರೆ 200. ದೊಡ್ಡ ಹಡಗುಗಳ ಮಾಮೂಲಿ ಕ್ಯಾಬಿನ್‌ಗಳಲ್ಲಿ 200 ಕೇಳುವುದು ತೀರಾ ಸಾಮಾನ್ಯ. ಆದರೆ ಬಂದರು ಶುಲ್ಕ, ತೆರಿಗೆ, ದಿನದ ಟಿಪ್ಸ್ ಇವೆಲ್ಲ ಸಾಮಾನ್ಯವಾಗಿ ತಲೆ ಲೆಕ್ಕ. ಹಾಗಾಗಿ ಒಟ್ಟು ಖರ್ಚು ಪೂರ್ತಿ ಇಬ್ಬರ ಖರ್ಚಿನಷ್ಟು ಆಗುವುದಿಲ್ಲ.

ಇಲ್ಲಿ ಒಂದು ಕೆಲಸ ತಪ್ಪದೇ ಮಾಡಿ. ಬುಕಿಂಗ್ ಪುಟದಲ್ಲಿ ಪ್ರಯಾಣಿಕರು ಒಬ್ಬರು ಎಂದು ಹಾಕಿ, ಹಣ ಕಟ್ಟುವ ಹಿಂದಿನ ಪುಟದವರೆಗೂ ಹೋಗಿ. ಅಲ್ಲಿ ಕಾಣುವ ಮೊತ್ತಕ್ಕೆ ಟಿಪ್ಸ್, ಇಂಟರ್ನೆಟ್, ಕುಡಿಯುವವರಾದರೆ ಪಾನೀಯದ ಪ್ಯಾಕೇಜು, ದಡದ ಮೇಲಿನ ಟೂರ್‌ಗಳು, ಹಡಗು ಹತ್ತುವ ಊರಿಗೆ ಹೋಗಿಬರುವ ವಿಮಾನ, ಎಲ್ಲ ಸೇರಿಸಿ. ಬಂದದ್ದನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ. ಎರಡು ಹಡಗುಗಳನ್ನು ಹೋಲಿಸಬೇಕಾದದ್ದು ಈ ಅಂಕಿಯಿಂದ. ಹೀಗೆ ಮಾಡಿದಾಗ ಮೊದಲಿಗೆ ಅಗ್ಗ ಎನಿಸಿದ್ದು ದುಬಾರಿಯಾಗಿ, ದುಬಾರಿ ಎನಿಸಿದ್ದು ಹತ್ತಿರಕ್ಕೆ ಬರುವುದು ಅಪರೂಪವಲ್ಲ.

ಆಮೇಲೆ ಜೊತೆಯ ಪ್ರಶ್ನೆ. ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಕೆಲವರಿಗೆ ರಾತ್ರಿ ಊಟದ ಹೊತ್ತಿಗೆ ಮಾತಾಡಲು ನಾಲ್ಕು ಜನ ಸಿಕ್ಕರೆ ಸಾಕು, ಹಗಲೆಲ್ಲ ಪುಸ್ತಕ ಹಿಡಿದು ಕೂತರೂ ಖುಷಿ. ಕೆಲವರಿಗೆ ಬಂದರಿನಲ್ಲಿ ಸುತ್ತಲೂ ಜೊತೆ ಬೇಕು. ಇನ್ನು ಕೆಲವರು ಹೋಗುತ್ತಿರುವುದೇ ಯಾರ ಮುಖವನ್ನೂ ನೋಡದೆ ಇರಲು. ಮೂವರಿಗೂ ಒಂದೇ ಹಡಗು ಒಗ್ಗುವುದಿಲ್ಲ.

ಇನ್ನುಳಿದವು ಎರಡೇ. ಹಡಗು ಎಷ್ಟು ದಿನ ಬಂದರಿನಲ್ಲಿ ನಿಲ್ಲುತ್ತದೆ, ಎಷ್ಟು ದಿನ ಬರೀ ಸಮುದ್ರದಲ್ಲಿ ಇರುತ್ತದೆ? ಮತ್ತೆ, ಹಡಗಿನ ಓಲಾಟ ನಿಮ್ಮ ಹೊಟ್ಟೆಗೆ ಆಗಿಬರುತ್ತದಾ? ಬಸ್ಸಿನಲ್ಲಿ ಕೂತರೂ ತಲೆ ತಿರುಗುವವರು ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ದೊಡ್ಡ ಹಡಗು: ಅಗ್ಗ, ಗಲಾಟೆ, ಮೊದಲ ದಿನವೇ ನಿರ್ಣಾಯಕ

2024ರಲ್ಲಿ ಪ್ರಯಾಣ ಶುರು ಮಾಡಿದ ರಾಯಲ್ ಕೆರಿಬಿಯನ್ ಕಂಪನಿಯ 'ಐಕಾನ್ ಆಫ್ ದಿ ಸೀಸ್'ನಲ್ಲಿ ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,600 ಪ್ರಯಾಣಿಕರು. ಎಲ್ಲ ಹಾಸಿಗೆಗಳೂ ತುಂಬಿದರೆ 7,000 ದಾಟುತ್ತದೆ. ಇಷ್ಟು ಜನರ ನಡುವೆ ಒಬ್ಬರೇ ಇರುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅದು ಒಳ್ಳೆಯದೇ. ಆದರೆ ಇವತ್ತು ಕಾಫಿ ಕುಡಿಯುತ್ತಾ ಮಾತಾಡಿದವರು ನಾಳೆ ಮತ್ತೆ ಸಿಗುತ್ತಾರೆ ಎಂಬ ಭರವಸೆ ಇಲ್ಲ.

ಈ ತೊಂದರೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡ ದೊಡ್ಡ ಕಂಪನಿಗಳಲ್ಲಿ ನಾರ್ವೀಜಿಯನ್ ಕ್ರೂಸ್ ಲೈನ್ ಒಂದು. 2010ರಲ್ಲಿ ಬಂದ 'ನಾರ್ವೀಜಿಯನ್ ಎಪಿಕ್' ಹಡಗಿನಲ್ಲಿ ಒಬ್ಬರಿಗಾಗಿಯೇ 128 ಸ್ಟುಡಿಯೋ ಕ್ಯಾಬಿನ್‌ಗಳನ್ನು ಕಟ್ಟಿದರು. ಒಂದೊಂದೂ ಸುಮಾರು 100 ಚದರ ಅಡಿ. ಸಮುದ್ರ ಕಾಣುವ ಕಿಟಕಿ ಇಲ್ಲ. ಆದರೆ ಸ್ಟುಡಿಯೋದವರಿಗೆ ಮಾತ್ರ ಬಾಗಿಲು ತೆರೆಯುವ ಒಂದು ಲೌಂಜ್ ಇದೆ. ಸಂಜೆ ಅಲ್ಲಿ ಸೇರಿ, ಊಟಕ್ಕೆ ಒಟ್ಟಿಗೆ ಹೋಗಬಹುದು. ಈ ದಾರಿಯನ್ನು ಆಮೇಲೆ ಬೇರೆಯವರೂ ಹಿಡಿದರು. ರಾಯಲ್ ಕೆರಿಬಿಯನ್ 2014ರಲ್ಲಿ 'ಕ್ವಾಂಟಮ್ ಆಫ್ ದಿ ಸೀಸ್'ನಲ್ಲಿ ಬಾಲ್ಕನಿ ಇರುವ ಸಿಂಗಲ್ ಕ್ಯಾಬಿನ್‌ಗಳನ್ನೂ ಇಟ್ಟಿತು. 18 ದಾಟಿದವರನ್ನು ಮಾತ್ರ ಹತ್ತಿಸಿಕೊಳ್ಳುವ ವರ್ಜಿನ್ ವಾಯೇಜಸ್ ಹಡಗುಗಳಲ್ಲೂ ಒಬ್ಬರ ಕ್ಯಾಬಿನ್‌ಗಳಿವೆ. ಮಕ್ಕಳ ಗದ್ದಲ ಬೇಡ ಎನ್ನುವವರು ಅದನ್ನು ನೋಡಬಹುದು.

ಹಾಗಾದರೆ ಸಿಂಗಲ್ ಕ್ಯಾಬಿನ್ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಾ? ಇಲ್ಲ. ಸಿಂಗಲ್ ಎಂಬ ಹೆಸರಿದೆ ಎಂದ ಮಾತ್ರಕ್ಕೆ ಅಗ್ಗ ಅಂತಲ್ಲ. ಇಂಥ ಕ್ಯಾಬಿನ್‌ಗಳು ಕಡಿಮೆ, ಕೇಳುವವರು ಜಾಸ್ತಿ. ಬೇಡಿಕೆ ಏರಿದಾಗ ಅದೇ ಹಡಗಿನ ಮಾಮೂಲಿ ಒಳಗಿನ (ಹೊರಗೆ ಕಿಟಕಿ ಇಲ್ಲದ) ಕ್ಯಾಬಿನ್, ಪೂರ್ತಿ ಸಪ್ಲಿಮೆಂಟ್ ಕೊಟ್ಟರೂ, ಸಿಂಗಲ್ ಕ್ಯಾಬಿನ್‌ಗಿಂತ ಕಡಿಮೆಗೆ ಸಿಗುವುದುಂಟು. ಎರಡನ್ನೂ ಪಕ್ಕಪಕ್ಕ ತೆರೆದು ನೋಡಿ. ಬೆಲೆ ಹತ್ತಿರ ಹತ್ತಿರ ಇದ್ದು ನಿಮಗೆ ಜೊತೆ ಬೇಕು ಎಂದಾದರೆ, ಲೌಂಜ್ ಇರುವ ಸ್ಟುಡಿಯೋವೇ ಸರಿ. ಜಾಗ ಬೇಕು, ಜನ ಬೇಡ ಎಂದಾದರೆ ಇಬ್ಬರ ಕ್ಯಾಬಿನ್ ತೆಗೆದುಕೊಂಡು ಆರಾಮವಾಗಿರಿ. ಒಂದು ಎಚ್ಚರಿಕೆ: ಒಬ್ಬರ ಕ್ಯಾಬಿನ್ ಇದ್ದ ಮಾತ್ರಕ್ಕೆ ಲೌಂಜ್ ಇರಬೇಕೆಂದಿಲ್ಲ. ಕೇಳಿ ಖಚಿತಪಡಿಸಿಕೊಳ್ಳಿ.

ದೊಡ್ಡ ಹಡಗಿನಲ್ಲಿ ಗೆಳೆತನ ಕುದುರುವುದು ಬಹುಮಟ್ಟಿಗೆ ಮೊದಲ ಒಂದೆರಡು ದಿನಗಳಲ್ಲಿ. ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಒಂಟಿ ಪ್ರಯಾಣಿಕರ ಭೇಟಿ ಎಂದು ಒಂದು ಸಾಲು ಇರುತ್ತದೆ. ಸಂಕೋಚಪಟ್ಟು ಅದನ್ನು ತಪ್ಪಿಸಿಕೊಂಡರೆ, ಮೂರನೇ ದಿನದ ಹೊತ್ತಿಗೆ ಗುಂಪುಗಳು ಆಗಲೇ ಕೂಡಿಕೊಂಡಿರುತ್ತವೆ. ಆಮೇಲೆ ಸೇರಲು ಆಗುವುದೇ ಇಲ್ಲ ಎಂದಲ್ಲ, ಆದರೆ ಎರಡು ಪಟ್ಟು ಧೈರ್ಯ ಬೇಕಾಗುತ್ತದೆ.

ಊಟದ ವಿಷಯವನ್ನೂ ಬುಕ್ ಮಾಡುವಾಗಲೇ ಇತ್ಯರ್ಥ ಮಾಡಿಕೊಳ್ಳಿ. ಎರಡು ಪದ್ಧತಿಗಳಿವೆ. ಒಂದರಲ್ಲಿ ದಿನವೂ ಅದೇ ಹೊತ್ತು, ಅದೇ ಮೇಜು, ಅದೇ ಜನ. ಇನ್ನೊಂದರಲ್ಲಿ ಬೇಕಾದಾಗ ಹೋಗಿ ಬೇಕಾದಲ್ಲಿ ಕೂರುವುದು. ಒಬ್ಬರೇ ಹೋಗುವ ಹೊಸಬರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಆರೆಂಟು ಜನರ ಮೇಜಿನಲ್ಲಿ ಜಾಗ ಬೇಕು ಎಂದು ಮೊದಲೇ ಕೇಳಿ. ಎಂಟು ಜನರಲ್ಲಿ ಇಬ್ಬರಾದರೂ ಮಾತಿಗೆ ಸಿಗುತ್ತಾರೆ. ನಾಲ್ವರ ಮೇಜಿನಲ್ಲಿ ಒಂದು ಜೋಡಿ ಮಾತಿಲ್ಲದೆ ಕೂತರೆ ಇಡೀ ವಾರ ಕಷ್ಟ. ಹಿಡಿಸದಿದ್ದರೆ ಎರಡನೇ ದಿನವೇ ಹೋಗಿ ಮೇಜು ಬದಲಿಸಿ ಎಂದು ಕೇಳಬಹುದು, ಅದರಲ್ಲಿ ತಪ್ಪೇನೂ ಇಲ್ಲ.

ಶಾಲೆಗಳಿಗೆ ರಜೆ ಇರುವ ವಾರಗಳಲ್ಲಿ ಮಾತ್ರ ದೊಡ್ಡ ಹಡಗು ಬೇಡ. ಬೆಲೆಯೂ ಏರಿರುತ್ತದೆ, ಸುತ್ತಲೂ ಸಂಸಾರಗಳೇ ತುಂಬಿರುತ್ತವೆ.

ಸಮುದ್ರವನ್ನೇ ನೋಡಲು ಹೋಗುವವರಿಗೆ

ಎರಡೂವರೆ ಸಾವಿರ ಜನರ ಆಸುಪಾಸಿನ ಹಡಗುಗಳಲ್ಲಿ ಒಂದು ಹಳೆಯ ಕಾಲದ ಗತ್ತು ಉಳಿದಿದೆ. ಕ್ಯುನಾರ್ಡ್ ಕಂಪನಿಯ 'ಕ್ವೀನ್ ಮೇರಿ 2' ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಸಾಮಾನ್ಯವಾಗಿ ಏಳು ರಾತ್ರಿ, ನಡುವೆ ಬಂದರೇ ಇಲ್ಲ. ಕೇಳಿದರೆ ಬೇಜಾರು ಎನಿಸಬಹುದು, ಅಲ್ವಾ? ಆದರೆ ಒಬ್ಬರೇ ಹೋಗುವವರಿಗೆ ಇದು ನಾವು ಅಂದುಕೊಳ್ಳುವುದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಯಾರೂ ಎಲ್ಲೂ ಇಳಿದು ಹೋಗುವುದಿಲ್ಲ. ಅದೇ ಮುಖಗಳು ಉಪನ್ಯಾಸದಲ್ಲಿ, ಗ್ರಂಥಾಲಯದಲ್ಲಿ, ಸಂಜೆಯ ನೃತ್ಯದಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಜೊತೆಗಾರರಿಲ್ಲದೆ ಬಂದವರೊಂದಿಗೆ ಹೆಜ್ಜೆ ಹಾಕಲೆಂದೇ ಡಾನ್ಸ್ ಹೋಸ್ಟ್‌ಗಳಿರುತ್ತಾರೆ. 2016ರ ನವೀಕರಣದಲ್ಲಿ ಈ ಹಡಗಿಗೆ 15 ಸಿಂಗಲ್ ಕ್ಯಾಬಿನ್‌ಗಳನ್ನು ಸೇರಿಸಿದರು. ಇಷ್ಟು ಕಡಿಮೆ ಇರುವುದರಿಂದ ಬೇಗ ಹೋಗಿಬಿಡುತ್ತವೆ. ಕೆಲವು ಸಂಜೆಗಳಿಗೆ ಉಡುಪಿನ ನಿಯಮ ಇದೆ, ಅದಕ್ಕೆ ಸಿದ್ಧರಾಗಿ ಹೋಗಬೇಕು. ಉತ್ತರ ಅಟ್ಲಾಂಟಿಕ್ ಸುಮ್ಮನಿರುವ ಸಮುದ್ರವೂ ಅಲ್ಲ.

ಬಜೆಟ್ ಬಿಗಿ ಇದ್ದು ಸಮಯ ಧಾರಾಳವಾಗಿದ್ದರೆ ರೀಪೊಸಿಷನಿಂಗ್ ಕ್ರೂಸ್‌ಗಳನ್ನು ಹುಡುಕಿ. ಋತು ಬದಲಾದಾಗ ಹಡಗುಗಳು ಒಂದು ಸಮುದ್ರದಿಂದ ಇನ್ನೊಂದಕ್ಕೆ ಹೋಗುತ್ತವೆ. ವಸಂತದಲ್ಲಿ ಕೆರಿಬಿಯನ್‌ನಿಂದ ಯುರೋಪಿಗೆ, ಶರತ್ಕಾಲದಲ್ಲಿ ವಾಪಸ್. ರಾತ್ರಿಯ ಲೆಕ್ಕದಲ್ಲಿ ಇವು ಹೆಚ್ಚಾಗಿ ಅಗ್ಗ. ಆದರೆ ಹತ್ತುವ ಊರು ಬೇರೆ, ಇಳಿಯುವ ಊರು ಬೇರೆ. ಒಮ್ಮುಖ ವಿಮಾನದ ಖರ್ಚನ್ನು ಮರೆತರೆ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ.

ಐವತ್ತು ದಾಟಿದವರು ಸಾಗಾ ಎಂಬ ಬ್ರಿಟಿಷ್ ಕಂಪನಿಯ ಕಡೆಗೂ ಕಣ್ಣು ಹಾಯಿಸಬಹುದು. ಅದರ ಸಾಗರ ಹಡಗುಗಳಲ್ಲಿ ಒಬ್ಬರ ಕ್ಯಾಬಿನ್‌ಗಳು ಲೆಕ್ಕಕ್ಕೆ ನಾಲ್ಕಲ್ಲ, ಸುಮಾರು ನೂರು ಇವೆ. ಅವಕ್ಕೆ ಬಾಲ್ಕನಿಯೂ ಇದೆ.

ನದಿ ಹಡಗು: ಒಬ್ಬರೇ ಹೋಗುವವರಿಗೆ ಸಲೀಸು, ಜೇಬಿಗಲ್ಲ

ಯುರೋಪಿನ ರೈನ್, ಡ್ಯಾನ್ಯೂಬ್ ನದಿಗಳ ಹಡಗುಗಳು ತೀರಾ ದೊಡ್ಡದಾಗಲು ಸಾಧ್ಯವಿಲ್ಲ. ದಾರಿಯಲ್ಲಿ ದಾಟಬೇಕಾದ ಲಾಕ್‌ಗಳ (ನೀರಿನ ಮಟ್ಟ ಏರಿಳಿಸಿ ಹಡಗನ್ನು ದಾಟಿಸುವ ಕಟ್ಟೆಗಳ) ಅಳತೆ ಅಷ್ಟೇ ಇದೆ. ಹಡಗಿನ ಉದ್ದ ಹೆಚ್ಚೆಂದರೆ 135 ಮೀಟರ್, ಅಗಲ ಸಾಮಾನ್ಯವಾಗಿ ಸುಮಾರು 11.4 ಮೀಟರ್. ಹಾಗಾಗಿ ಪ್ರಯಾಣಿಕರು ಹೆಚ್ಚಾಗಿ ಇನ್ನೂರರ ಒಳಗೇ ಇರುತ್ತಾರೆ. ಎರಡನೇ ದಿನಕ್ಕೆ ಸಿಬ್ಬಂದಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಹಡಗು ಎಷ್ಟೋ ಕಡೆ ಊರಿನ ನಡುವೆಯೇ ನಿಲ್ಲುವುದರಿಂದ, ಇಳಿದು ನಡೆದುಕೊಂಡು ಹೋಗಿ ಮತ್ತೆ ವಾಪಸ್ ಬರಬಹುದು. ಒಬ್ಬರೇ ಓಡಾಡಲು ಅಳುಕುವವರಿಗೆ ಇದು ದೊಡ್ಡ ನೆಮ್ಮದಿ. ಬಹುತೇಕ ಕಂಪನಿಗಳಲ್ಲಿ ಊರಿಗೊಂದು ಟೂರ್ ದರದಲ್ಲೇ ಸೇರಿರುತ್ತದೆ. ಓಲಾಟ ಇಲ್ಲವೆನ್ನುವಷ್ಟು ಕಡಿಮೆ.

ಆದರೆ ಮೂಲ ದರವೇ ಮೇಲಿದೆ. ಅದರ ಮೇಲೆ ಸಪ್ಲಿಮೆಂಟ್ ಬಿದ್ದರೆ ತಡೆಯುವುದು ಕಷ್ಟ. ಇಲ್ಲಿ ಹುಡುಕಬೇಕಾದದ್ದು ಹಡಗನ್ನಲ್ಲ, ದಿನಾಂಕವನ್ನು. ಋತುವಿನ ಶುರು ಮತ್ತು ಕೊನೆಯ ಕೆಲವು ಪ್ರಯಾಣಗಳಲ್ಲಿ ಸಪ್ಲಿಮೆಂಟ್ ಇಳಿಸುತ್ತಾರೆ, ಕೆಲವೊಮ್ಮೆ ಪೂರ್ತಿ ಬಿಡುತ್ತಾರೆ. ರಿವಿಯೆರಾ ಟ್ರಾವೆಲ್‌ನಂಥ ಕಂಪನಿಗಳು ಒಂಟಿ ಪ್ರಯಾಣಿಕರಿಗಾಗಿಯೇ ಇಡೀ ಹಡಗನ್ನು ಮೀಸಲಿಡುವ ಪ್ರಯಾಣಗಳನ್ನೂ ನಡೆಸುತ್ತವೆ. ಎಲ್ಲರೂ ಒಬ್ಬರೇ ಬಂದಿರುವ ಹಡಗಿನಲ್ಲಿ ಊಟದ ಮೇಜಿನ ಚಿಂತೆಯೇ ಇರುವುದಿಲ್ಲ. ಮಾಮೂಲಿ ನದಿ ಪ್ರಯಾಣಗಳಲ್ಲಿ ಹಾಗಲ್ಲ. ದಂಪತಿಗಳೇ ಜಾಸ್ತಿ, ವಯಸ್ಸೂ ಹೆಚ್ಚು, ರಾತ್ರಿ ಹತ್ತಕ್ಕೆಲ್ಲ ಹಡಗು ಮಲಗಿರುತ್ತದೆ. ಮೂವತ್ತರ ಆಸುಪಾಸಿನವರು ಇದನ್ನು ಯೋಚಿಸಿಯೇ ಮುಂದುವರಿಯಿರಿ.

ನೀರಿನ ಮಟ್ಟವೂ ಆಟ ಆಡಿಸುತ್ತದೆ. 2018 ಮತ್ತು 2022ರಲ್ಲಿ ರೈನ್ ನದಿ ಬತ್ತಿ ಹಡಗುಗಳ ಓಡಾಟಕ್ಕೆ ತೊಂದರೆಯಾಗಿತ್ತು. ಹಾಗಾದಾಗ ಪ್ರಯಾಣಿಕರನ್ನು ಬಸ್ಸಿನಲ್ಲಿ ಮುಂದಕ್ಕೆ ಸಾಗಿಸುತ್ತಾರೆ, ಇಲ್ಲವೇ ಇನ್ನೊಂದು ಹಡಗಿಗೆ ಹತ್ತಿಸುತ್ತಾರೆ. ಬೇಸಿಗೆಯ ಕೊನೆಗೆ ಹೋಗುವವರು ಕಂಪನಿ ಆಗ ಏನು ಮಾಡುತ್ತದೆ ಎಂದು ಮೊದಲೇ ಓದಿಕೊಳ್ಳಿ.

ನಾರ್ವೆಯ ಕರಾವಳಿ ಮತ್ತು ಅಂಟಾರ್ಕ್ಟಿಕಾ

ಕ್ರೂಸ್ ಎಂದರೆ ಸಾಕಪ್ಪ ಎನ್ನುವವರಿಗೂ ಹಿಡಿಸಬಹುದಾದ ಒಂದು ದಾರಿ ನಾರ್ವೆಯ ಕರಾವಳಿಯಲ್ಲಿದೆ. ಹುರ್ಟಿಗ್ರುಟೆನ್ ಹಡಗುಗಳು 1893ರಿಂದ ಈ ದಾರಿಯಲ್ಲಿ ಓಡುತ್ತಿವೆ. ಬೆರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ ಹೋಗಿ ವಾಪಸ್ ಬರಲು 12 ದಿನ, ನಡುವೆ 34 ಬಂದರು. ಈಗ ಹಾವಿಲಾ ಎಂಬ ಇನ್ನೊಂದು ಕಂಪನಿಯೂ ಇದೇ ದಾರಿಯಲ್ಲಿದೆ. ಇವು ಊರಿಂದೂರಿಗೆ ಜನ, ಸರಕು ಎರಡನ್ನೂ ಹೊತ್ತೊಯ್ಯುವ ಹಡಗುಗಳು. ಒಬ್ಬರೇ ಹತ್ತಿ ಇಳಿಯುವವರು ಇಲ್ಲಿ ಮಾಮೂಲಿ. ಮನರಂಜನೆ ಅಂತ ಹೆಚ್ಚೇನೂ ಇಲ್ಲ. ಕಿಟಕಿಯ ಪಕ್ಕ ಕೂತು ಬೆಟ್ಟ, ನೀರು, ಬೆಳಕು ನೋಡುವುದೇ ದಿನಚರಿ. ಒಂದು ತುದಿಯಿಂದ ಇನ್ನೊಂದಕ್ಕೆ ಮಾತ್ರ ಹೋಗುವ ಟಿಕೆಟ್ಟೂ ಸಿಗುವುದರಿಂದ ಮೊದಲ ಪ್ರಯತ್ನಕ್ಕೆ ಒಳ್ಳೆಯದು. ಏಕಾಂತ ಬೇಕು ಎನ್ನುವವರಿಗೆ ನನ್ನ ಮೊದಲ ಸಲಹೆ ಇದೇ.

ಅಂಟಾರ್ಕ್ಟಿಕಾ ಬೇರೆಯೇ ಲೆಕ್ಕ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಅಲ್ಲಿ ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಜನ ಮಾತ್ರ ಇಳಿಯಬಹುದು. ಅದಕ್ಕೇ ಚಿಕ್ಕ ಹಡಗುಗಳು, ಅದಕ್ಕೇ ದೊಡ್ಡ ಬೆಲೆ. ಆದರೆ ಒಂಟಿ ಪ್ರಯಾಣಿಕರಿಗೆ ಇಲ್ಲೊಂದು ಅನುಕೂಲ ಇದೆ. ಬಹಳಷ್ಟು ಎಕ್ಸ್‌ಪೆಡಿಷನ್ ಕಂಪನಿಗಳು ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು ಎಂದು ಜೊತೆ ಹುಡುಕಿ ಕ್ಯಾಬಿನ್ ಹಂಚುತ್ತವೆ. ಆಗ ಸಪ್ಲಿಮೆಂಟ್ ಇರುವುದಿಲ್ಲ. ಗೊರಕೆ, ಬೇರೆಯವರ ಅಭ್ಯಾಸಗಳು ಇವನ್ನೆಲ್ಲ ಸಹಿಸಿಕೊಳ್ಳುವ ಸ್ವಭಾವ ನಿಮ್ಮದಾದರೆ ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ. ರಬ್ಬರ್ ದೋಣಿಯಲ್ಲಿ ಒಟ್ಟಿಗೆ ಕೂತು ಪೆಂಗ್ವಿನ್ ನೋಡಿ ಬಂದವರು ಊಟದ ಹೊತ್ತಿಗೆ ಅಪರಿಚಿತರಾಗಿ ಉಳಿದಿರುವುದಿಲ್ಲ. ಆದರೂ ಮೊದಲ ಕ್ರೂಸ್‌ಗೆ ಇದನ್ನು ಹೇಳಲು ಹಿಂಜರಿಯುತ್ತೇನೆ. ದಕ್ಷಿಣ ಅಮೆರಿಕದ ತುದಿಯಿಂದ ಡ್ರೇಕ್ ಪ್ಯಾಸೇಜ್ ದಾಟಲು ಸುಮಾರು ಎರಡು ದಿನ, ವಾಪಸ್ ಬರಲು ಮತ್ತೆ ಎರಡು ದಿನ. ಅದು ಪ್ರಪಂಚದ ಅತಿ ಒರಟು ಸಮುದ್ರಗಳಲ್ಲಿ ಒಂದು. ನಿಮ್ಮ ಹೊಟ್ಟೆ ಏನನ್ನುತ್ತದೆ ಎಂದು ತಿಳಿಯದೆ ಅಷ್ಟು ಹಣ ಹಾಕುವುದು ಬೇಡ.

ಕ್ಯಾಬಿನ್, ದಾರಿ, ದಡ

ದಿನಾ ಒಂದು ಬಂದರು ಇರುವ ಪ್ರಯಾಣಕ್ಕೆ ಒಳಗಿನ ಕ್ಯಾಬಿನ್ ಸಾಕು, ಮಲಗಲು ಮಾತ್ರ ಬರುತ್ತೀರಿ. ಅಲಾಸ್ಕಾ, ನಾರ್ವೆಯ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲು) ಅಥವಾ ಸಮುದ್ರದ ದಿನಗಳೇ ಹೆಚ್ಚಿರುವ ದಾರಿಗಾದರೆ ಬಾಲ್ಕನಿಗೆ ಕೊಡುವ ಹಣ ವ್ಯರ್ಥವಲ್ಲ. ಜನ ಸಾಕಾದಾಗ ಹೊರಗೆ ಕೂರಲು ನಿಮ್ಮದೇ ಆದ ಒಂದು ಜಾಗ ಇರುತ್ತದೆ. ಓಲಾಟದ ಭಯ ಇದ್ದರೆ ಕೆಳಗಿನ ಡೆಕ್‌ನಲ್ಲಿ, ಹಡಗಿನ ನಡುಭಾಗದಲ್ಲಿ ಕ್ಯಾಬಿನ್ ಕೇಳಿ. ಅಲ್ಲಿ ಅಲುಗಾಟ ಕಡಿಮೆ. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇಲ್ಲವೇ ಕಾಲ ಕೆಳಗೆ ನೃತ್ಯದ ಹಾಲ್ ಇರುವ ಕ್ಯಾಬಿನ್ ಬೇಡ. ಕ್ಯಾಬಿನ್ ಸಂಖ್ಯೆಯನ್ನು ಕಂಪನಿಯೇ ಆರಿಸುವ 'ಗ್ಯಾರಂಟಿ' ದರ ಅಗ್ಗ, ಆದರೆ ಈ ಹಿಡಿತವೆಲ್ಲ ಕೈಬಿಡುತ್ತದೆ.

ದಾರಿ ಆರಿಸುವಾಗ ಬಂದರು ಮತ್ತು ಊರಿನ ನಡುವಿನ ದೂರ ನೋಡಿ. ಪಟ್ಟಿಯಲ್ಲಿ ರೋಮ್ ಎಂದಿರುತ್ತದೆ, ಹಡಗು ನಿಲ್ಲುವುದು ಚಿವಿಟವೆಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ ರೈಲಿನಲ್ಲೇ ಸುಮಾರು ಒಂದು ಗಂಟೆ. ಮೆಡಿಟರೇನಿಯನ್ ದಾರಿಗಳಲ್ಲಿ ಇಂಥವು ಹಲವು. ಒಬ್ಬರೇ ಇದ್ದಾಗ ಟ್ಯಾಕ್ಸಿ ಹಂಚಿಕೊಳ್ಳಲು ಯಾರೂ ಇರುವುದಿಲ್ಲ, ಹಾಗಾಗಿ ಇಂಥ ಊರುಗಳಲ್ಲಿ ಹಡಗಿನವರ ಟೂರ್ ದುಬಾರಿಯಾದರೂ ತೆಗೆದುಕೊಳ್ಳಿ. ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಹೋಗಿ ತಡಮಾಡಿದರೆ ಕಾಯುವುದಿಲ್ಲ. ಬಂದರಿನ ಪಕ್ಕದಲ್ಲೇ ಇರುವ ಊರುಗಳಲ್ಲಿ ಧಾರಾಳವಾಗಿ ಒಬ್ಬರೇ ಸುತ್ತಿ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಬೇರೆ ಇರಬಹುದು ಎಂಬುದು ನೆನಪಿರಲಿ. ಕೆರಿಬಿಯನ್ ಅಗ್ಗವಾಗಿ ಕಂಡರೆ ತಿಂಗಳು ನೋಡಿ: ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ.

ವಿಮೆ ಮಾತ್ರ ಬಿಡಲೇಬೇಡಿ. ಹಡಗಿನ ವೈದ್ಯರು ಪ್ರತ್ಯೇಕವಾಗಿ ಹಣ ತೆಗೆದುಕೊಳ್ಳುತ್ತಾರೆ. ಸಮುದ್ರದ ನಡುವಿನಿಂದ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಖರ್ಚು ಪ್ರವಾಸದ ದರವನ್ನೇ ಮೀರಬಹುದು. ಪಾಲಿಸಿಯಲ್ಲಿ ಈ ಸಾಗಾಟದ ರಕ್ಷಣೆ ಇದೆಯೇ ನೋಡಿ. ಹಡಗು ಒಂದು ದೇಶದಿಂದ ಹೊರಟು ಮತ್ತೆ ಅಲ್ಲಿಗೇ ಮರಳುವುದಾದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ವೀಸಾ ಬೇಕಾಗಬಹುದು. ಮನೆಯವರ ಫೋನ್ ನಂಬರನ್ನು ಹಡಗಿನ ರಿಸೆಪ್ಷನ್‌ನಲ್ಲಿ ಕೊಟ್ಟಿಡಿ. ಕ್ಯಾಬಿನ್ ಸಂಖ್ಯೆಯನ್ನು ಹೊಸಬರಿಗೆ ಹೇಳುವ ಅಗತ್ಯ ಇಲ್ಲ.

ಯಾರಿಗೆ ಯಾವುದು

ಕಡಿಮೆ ಹಣ, ಜನ ಬೇಕು, ನೀವೇ ಮುಂದಾಗಿ ಮಾತಾಡಿಸುವ ಸ್ವಭಾವ: ದೊಡ್ಡ ಹಡಗಿನ ಸ್ಟುಡಿಯೋ, ಶಾಲೆ ನಡೆಯುವ ದಿನಗಳಲ್ಲಿ, ಐದರಿಂದ ಏಳು ರಾತ್ರಿ. ಎರಡು ಮೂರು ರಾತ್ರಿಯ ಪ್ರಯಾಣ ಬೇಡ, ಹಡಗಿನ ದಾರಿ ಗೊತ್ತಾಗುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಮಾತಾಡಿಸಲು ಸಂಕೋಚ, ಆದರೆ ಜನ ಬೇಕು, ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲಿರಿ ಎಂದಾದರೆ ಒಂಟಿ ಪ್ರಯಾಣಿಕರದೇ ನದಿ ಪ್ರಯಾಣ. ಓದು, ನಿದ್ದೆ, ಸಮುದ್ರ ಸಾಕು ಎನ್ನುವವರಿಗೆ ಅಟ್ಲಾಂಟಿಕ್ ದಾಟುವ ಹಡಗು ಅಥವಾ ನಾರ್ವೆಯ ಕರಾವಳಿ. ಅಂಟಾರ್ಕ್ಟಿಕಾದ ಕನಸಿದ್ದರೆ ಇವುಗಳಲ್ಲಿ ಒಂದನ್ನು ಮೊದಲು ಮುಗಿಸಿ ಬನ್ನಿ.

ಬುಕಿಂಗ್ ಯಾವಾಗ? ಒಬ್ಬರ ಕ್ಯಾಬಿನ್ ಬೇಕಿದ್ದರೆ ದಿನಾಂಕಗಳು ಪ್ರಕಟವಾದಷ್ಟು ಬೇಗ. ಸಪ್ಲಿಮೆಂಟ್ ಇಳಿಯಲಿ ಎಂದು ಕಾಯುವವರು ಹೊರಡುವ ಕೆಲವು ವಾರಗಳ ಮುಂಚಿನವರೆಗೂ ಕಾಯಬೇಕು. ಅದಕ್ಕೆ ವೀಸಾ ಕೈಯಲ್ಲಿರಬೇಕು, ರಜೆ ಹಿಂದೆಮುಂದೆ ಆಗುವಂತಿರಬೇಕು. ಯಾವುದೇ ಆಗಲಿ, ವಿಮಾನವನ್ನು ಹಡಗು ಹೊರಡುವ ಹಿಂದಿನ ದಿನವೇ ಆ ಊರು ತಲುಪುವಂತೆ ಬುಕ್ ಮಾಡಿ. ಒಂದು ರಾತ್ರಿಯ ಹೋಟೆಲ್ ಖರ್ಚನ್ನು ಮೊದಲ ಲೆಕ್ಕದಲ್ಲೇ ಸೇರಿಸಿಬಿಡಿ.